ನೆನೆಸಿದ್ಯಾ?

“ಇನ್ನೂ ಒಂದು ತಿಂಗಳು ಹಗ್ಗ ಮುಟ್ಟೋ ಹಾಗಿಲ್ಲವಂತೆ,” ಬಾಗಿಲು ತೆರೆದವನೇ ತಮ್ಮ ಹೇಳಿದ. ಮೆಟ್ಟಿಲು ಹತ್ತಿದ ಏದುಸಿರಲ್ಲಿದ್ದ ಅಕ್ಕ ಹೊಸ್ತಿಲಲ್ಲೇ ನಿಂತುಬಿಟ್ಟಳು.

ಹಗ್ಗಕ್ಕೆ ಜೋತುಬಿದ್ದು ಎತ್ತರದ ಕಟ್ಟಡಗಳ ಗಾಜು ಒರೆಸುವುದು ತಮ್ಮನ ಕೆಲಸ. ಕಳೆದ ತಿಂಗಳು ಅಲ್ಲೇ ತಲೆ ಸುತ್ತಿತ್ತು. ಸೊಂಟದ ಬೆಲ್ಟು ಗಟ್ಟಿಯಾಗಿದ್ದರಿಂದ ಬಚಾವಾದ. ಅಂದಿನಿಂದ ಅವನನ್ನು ಕೆಳಗೆ ಬಕೆಟ್ ತುಂಬಿಸಲು ನಿಲ್ಲಿಸಿದ್ದರು. ಮೈಯಲ್ಲಿ ಪ್ರೋಟೀನ್ ಸಾಲದು, ಅದು ಸರಿಹೋಗದೆ ಮೇಲೆ ಬಿಡುವುದಿಲ್ಲ ಎಂದು ಕಂಪನಿಯ ಡಾಕ್ಟರು ಹೇಳಿದ್ದರು. ಇವತ್ತು ಮತ್ತೆ ಪರೀಕ್ಷೆಯಿತ್ತು.

“ಮತ್ತೂ ಕಡಿಮೆನಾ? ಅದು ಹೇಗೋ ಆಗತ್ತೆ?”

“ಡಾಕ್ಟರೂ ಅದನ್ನೇ ಕೇಳಿದ್ರು. ಏನಪ್ಪಾ ತಿಂತೀಯ ಅಂದ್ರು. ಬ್ರೆಡ್ಡು, ಬಾಳೆಹಣ್ಣು, ಹಾಲಿಲ್ಲದ ಟೀ ಅಂದೆ. ಹಾಲು, ಮೊಟ್ಟೆ ಬಿಟ್ಟಿದ್ದು ತಪ್ಪಲ್ಲ, ಬಿಟ್ಟ ಜಾಗಕ್ಕೆ ಏನೂ ತುಂಬಲಿಲ್ಲವಲ್ಲ, ಅದು ತಪ್ಪು ಅಂತ ಬೈದ್ರು.”

ಅಕ್ಕನಿಗೆ ತಲೆಬುಡ ಅರ್ಥವಾಗಲಿಲ್ಲ. ಅವಳದು ಮೊಟ್ಟೆ ಅಂಗಡಿ. ತಮ್ಮ ವೀಗನ್ ಆಗಿ ವರ್ಷವಾಗಿತ್ತು. ಹಾಲು, ಮೊಸರು, ಮೊಟ್ಟೆ, ಕೊನೆಗೆ ಜೇನನ್ನೂ ಬಿಟ್ಟಿದ್ದ. ಹಾಗಿದ್ದರೂ ಅಕ್ಕನಿಗೆ ಸೊಂಟ ನೋವೆಂದು, ಲಾರಿ ಬಂದ ದಿನ ತಾನೇ ಬಂದು ಮೊಟ್ಟೆಯ ಟ್ರೇಗಳನ್ನು ಜೋಪಾನವಾಗಿ ಇಳಿಸಿ ಹೋಗುತ್ತಿದ್ದ. ತಲೆ ಸುತ್ತಿದ ಸುದ್ದಿ ಕೇಳಿದ ದಿನ ಅಕ್ಕ ಬೇಯಿಸಿದ ಮೊಟ್ಟೆಯನ್ನು ಅವನ ತಟ್ಟೆಗಿಟ್ಟು ಬೈದಳು. ಅವನು ತಟ್ಟೆ ಸರಿಸಿ, “ನಿನಗೆ ಬೇಕಿರೋದು ತಮ್ಮ ಅಲ್ಲ, ಗಿರಾಕಿ” ಎಂದುಬಿಟ್ಟ. “ಇನ್ನು ನಿನ್ನ ತಟ್ಟೆಯ ಮಾತು ನನ್ನ ಬಾಯಲ್ಲಿ ಬಂದ್ರೆ ಕೇಳು,” ಎಂದು ಅಕ್ಕ ಎದ್ದು ಬಂದಿದ್ದಳು.

ಎರಡು ದಿನ ತಡೆದುಕೊಂಡಳು. ಆಮೇಲೆ ಪಕ್ಕದಂಗಡಿಯಿಂದ ಒಣ ಬಟಾಣಿ ತಂದು, ಮೊಟ್ಟೆಯ ವಾಸನೆ ಸೋಕದ ಹೊಸ ಬಟ್ಟೆಚೀಲದಲ್ಲಿ ಕಟ್ಟಿ, ಅವನಿಲ್ಲದ ಹೊತ್ತಿಗೆ ಬಾಗಿಲ ಹಿಡಿಗೆ ನೇತುಹಾಕಿ ಬಂದಳು. ಶಪಥ ಮುರಿಯಬಾರದಲ್ಲ, ಸಂಜೆ ಫೋನಿನಲ್ಲಿ ಒಂದೇ ಪದ ಕಳಿಸಿದಳು: “ನೆನೆಸಿದ್ಯಾ?” ಕೂಡಲೇ ಉತ್ತರ ಬಂತು: “ನೆನೆಸದೆ ಇರ್ತೀನಾ ಅಕ್ಕ?” ಅಂದಿನಿಂದ ಪ್ರತಿ ಸಂಜೆ ಇವಳದು ಅದೇ ಪ್ರಶ್ನೆ, ಅವನದು ಅದೇ ಉತ್ತರ. ಹುಡುಗ ದಾರಿಗೆ ಬಂದ ಎಂದು ಅಕ್ಕ ನೆಮ್ಮದಿಯಾಗಿದ್ದಳು.

ಈಗ ಅವಳು ನೇರ ಅಡುಗೆಮನೆಗೆ ನಡೆದಳು. ಚೀಲ ಕಿಟಕಿಯ ಪಕ್ಕದಲ್ಲೇ ಇತ್ತು. ಅರ್ಧಕ್ಕಿಂತ ಹೆಚ್ಚು ಖಾಲಿ.

“ಇಷ್ಟೆಲ್ಲಾ ತಿಂದಿದ್ದೀಯಲ್ಲೋ! ಮೈಗೆ ಯಾಕೆ ಹತ್ತಲಿಲ್ಲ?”

“ನಾನೆಲ್ಲಿ ತಿಂದೆ? ಅದು ಪಾರಿವಾಳದ್ದು. ಎದುರುಮನೆ ಅಜ್ಜಿ ಮಗಳ ಮನೆಗೆ ಹೋಗೋ ಹಿಂದಿನ ದಿನ, ನನ್ನ ಹಕ್ಕಿಗಳನ್ನ ಸ್ವಲ್ಪ ನೋಡ್ಕೋಪ್ಪ ಅಂದಿದ್ರು. ಮಾರನೇ ದಿನ ಬಾಗಿಲಲ್ಲಿ ಚೀಲ ಇತ್ತು, ಅವರೇ ಇಟ್ಟು ಹೋಗಿದ್ದಾರೆ ಅಂದ್ಕೊಂಡೆ. ದಿನಾ ಬೆಳಿಗ್ಗೆ ತಪ್ಪದೆ ಹಾಕ್ತಿದ್ದೀನಿ.”

“ಅಯ್ಯೋ ಪುಣ್ಯಾತ್ಮ! ಅದು ನಾನಿಟ್ಟಿದ್ದು ಕಣೋ! ದಿನಾ ಕೇಳ್ತಿದ್ನಲ್ಲ, ನೆನೆಸಿದ್ಯಾ ಅಂತ?”

ತಮ್ಮ ಕಣ್ಣು ಮಿಟುಕಿಸಿದ. “ಬಟಾಣೀನಾ?”

“ಮತ್ತೇನು, ಬಟ್ಟೇನಾ?”

“ನಾನು... ನಿನ್ನನ್ನ ಅಂದ್ಕೊಂಡೆ.” ಅವನ ದನಿ ಇಳಿದಿತ್ತು. “ಅಷ್ಟು ಕೆಟ್ಟ ಮಾತಾಡಿದ ಮೇಲೂ ಕೇಳ್ತಿದ್ದಾಳಲ್ಲ, ನನ್ನನ್ನ ನೆನೆಸಿದ್ಯಾ ಅಂತ... ದಿನಾ ಸಂಜೆ ಬಕೆಟ್ ಪಕ್ಕ ಕೂತು ಅದಕ್ಕೇ ಕಾಯ್ತಿದ್ದೆ.”

ಅಕ್ಕ ಥಟ್ಟನೆ ಕಿಟಕಿಯ ಕಡೆ ತಿರುಗಿದಳು. ಹೊರಗಿನ ಕಟ್ಟೆಯ ಮೇಲೆ ಕೂತಿದ್ದ ದಪ್ಪ ಪಾರಿವಾಳವೊಂದು ಕತ್ತು ಓರೆ ಮಾಡಿ ಅವಳನ್ನೇ ನೋಡಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, “ತಿಂದು ತಿಂದು ಹೇಗಾಗಿದೆ ನೋಡು,” ಎಂದಳು. “ಗಾಜು ಒರೆಸೋಕೆ ಇನ್ನು ಇದನ್ನೇ ಕಳಿಸು. ಹಗ್ಗಾನೂ ಬೇಡ.”

ತಮ್ಮ ಜೋರಾಗಿ ನಕ್ಕ. ಅಕ್ಕ ಬೋಗುಣಿ ಹುಡುಕಿ, ಎರಡು ಹಿಡಿ ಬಟಾಣಿ ತೊಳೆದು, ಮುಳುಗಿ ಮೇಲೆ ನಿಲ್ಲುವಷ್ಟು ನೀರು ಹಾಕಿದಳು. “ನಾಳೆ ಬೆಳಿಗ್ಗೆ ಬೇಯಿಸ್ಕೋ. ಇದೊಂದೇ ಸಾಲಲ್ಲ. ಬೇಳೆ ತಿನ್ನು, ಕಡಲೆಬೀಜ ತಿನ್ನು, ಸೋಯಾ ತಿನ್ನು. ಬರೀ ನನ್ನನ್ನ ನೆನೆಸಿದ್ರೆ ಮೈಗೆ ಶಕ್ತಿ ಬರಲ್ಲ.”

“ತಟ್ಟೆ ಮಾತು ಎತ್ತಲ್ಲ ಅಂದಿದ್ಯಲ್ಲ?”

“ಇದು ಬೋಗುಣಿ. ಸುಮ್ಮನಿರು.”

ಅವಳು ಹೊರಟಾಗ ಅವನು ಬಾಗಿಲವರೆಗೂ ಬಂದ. “ಲಾರಿ ಬಂದ್ರೆ ಹೇಳು, ಟ್ರೇ ಇಳಿಸೋಕೆ ಬರ್ತೀನಿ.”

“ಮೊದಲು ಮೈ ಸರಿ ಮಾಡ್ಕೋ. ತಲೆ ಸುತ್ತಿ ಟ್ರೇ ಮೇಲೇ ಬಿದ್ರೆ ನನ್ನ ಗತಿ?”

“ನೋಡಿದ್ಯಾ, ಮೊಟ್ಟೆ ಮೇಲೇ ಪ್ರೀತಿ!”

ಮರುದಿನ ಸಂಜೆ, ಅಂಗಡಿಯಲ್ಲಿ ಗಿರಾಕಿಗಳ ಮಧ್ಯೆಯೇ ಅಕ್ಕ ಫೋನು ತೆಗೆದಳು. ಇನ್ನು ಎಡವಟ್ಟಾಗಬಾರದೆಂದು ಈ ಸಲ ಬಿಡಿಸಿ ಬರೆದಳು: “ಬಟಾಣಿ ನೆನೆಸಿದ್ಯಾ?”

ಒಂದು ಮೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವಷ್ಟರಲ್ಲಿ ಉತ್ತರ ಬಂತು.

“ಬಟಾಣೀನೂ.”