ಮೂಗು ಮುಚ್ಚಿದ ಮನೆ

ಕಲಬುರಗಿಯ ಮನೆಗಳೆಲ್ಲ ಈಗ ಬೀಜದಿಂದ ಬೆಳೆದ, ಜೀವವಿರುವ ಮನೆಗಳು. ಬಿಸಿಗಾಳಿ ನುಗ್ಗುವ ಬಿರುಕು ಮುಚ್ಚುವವರಿಗೆ ತರಬೇತಿ ಇತ್ತು. ಪರೀಕ್ಷೆಯ ದಿನ ಶರಣಮ್ಮ ಉರಿಯುವ ಊದುಬತ್ತಿ ಹಿಡಿದು ಗೋಡೆಗುಂಟ ನಡೆದಳು. ಹೊಗೆ ಅಲುಗಿದಲ್ಲೆಲ್ಲ ಮೇಣ ಮೆತ್ತಿದಳು. ಕೊನೆಗೆ ಹೊಗೆ ನೆಟ್ಟಗೆ ನಿಂತಿತು. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಗೋಡೆಗಳ ಹಸಿರು ಕಂದತೊಡಗಿತು.

"ಅಯ್ಯ ತಂಗಿ, ಮನಿ ಮೂಗೂ ಮುಚ್ಚಿಬಿಟ್ಟಿ! ಸಾಯ್ತದ ಅದು!" ಎಂದು ತರಬೇತುದಾರ ಬಂಡೆಪ್ಪ ಕೂಗಿದ. "ಬಿರುಕು ಹೊಗಿನ್ನ ಬರೇ ದೂಡ್ತದ. ಮೂಗು ಎಳಕೊಂಡು ಹೊಳ್ಳಿ ಬಿಡ್ತದ."

ಹಾಗೆ ಹೊಗೆ ಒಳಹೋಗಿ ಹೊರಬಂದದ್ದು ಬಾಗಿಲ ಮೇಲಿನ ತೂತಿನಲ್ಲಿ ಎಂಬುದು ಅವಳಿಗೆ ನೆನಪಾಯಿತು. ಶರಣಮ್ಮ ಅಲ್ಲಿನ ಮೇಣವನ್ನು ಉಗುರಿನಿಂದ ಕಿತ್ತಳು. ಹೊಗೆ ಸರ್ರನೆ ಒಳಗೆ ಹೋಯಿತು. ಆಮೇಲೆ ಬೆಚ್ಚಗೆ, ನಿಧಾನವಾಗಿ ಅವಳ ಮುಖದ ಮೇಲೆ ಮರಳಿತು. ಸುತ್ತಲ ಗೋಡೆಗಳೆಲ್ಲ ಎದೆಯಂತೆ ಉಬ್ಬಿ ಇಳಿದವು.

ಬಂಡೆಪ್ಪ ಗೋಡೆ ಮುಟ್ಟಿ ಕಣ್ಣಿಗೊತ್ತಿಕೊಂಡ.

"ಈಗ ನೀನೂ ಉಸಿರು ಬಿಡವ್ವ," ಎಂದ.