ರೆಕಾರ್ಡ್ ಮಾತ್ರ, ಕಂಪ್ಯೂಟರ್ ಇಲ್ಲ

ಡಿಜೆ ಇಲಿಂಕಾ ತಿರುಗುತ್ತಿದ್ದ ರೆಕಾರ್ಡಿನಿಂದ ಮುಳ್ಳನ್ನು ಎತ್ತಿದಳು. ಹಾಡು ನಿಲ್ಲಲಿಲ್ಲ. ಬಾಗಿಲಲ್ಲೇ 'ರೆಕಾರ್ಡ್ ಮಾತ್ರ, ಕಂಪ್ಯೂಟರ್ ಇಲ್ಲ' ಎಂದು ಬೋರ್ಡು ಹಾಕಿದ್ದ ಬುಕಾರೆಸ್ಟಿನ ಆ ತೋಟದ ಕ್ಲಬ್ಬಿನಲ್ಲಿ ಭಾನುವಾರದ ಬಿಸಿಲಿಗೆ ಜನ ಮೈಮರೆತು ಕುಣಿಯುತ್ತಿದ್ದರು. ಅವಳು ಬಗ್ಗಿ ನೋಡಿದರೆ, ಮೇಜಿನಡಿಯಲ್ಲಿ ಲ್ಯಾಪ್‌ಟಾಪು.

"ಏನ್ರೀ ಇದು, ಡೋರು?"

"ನಿಂದೇ ಕಣಮ್ಮ, ಹೋದ ವಾರ ನೀನು ನುಡಿಸಿದ್ದನ್ನೇ ಇದರಲ್ಲಿ ತುಂಬಿಟ್ಟಿದ್ದೆ," ಕ್ಲಬ್ಬಿನ ಮಾಲೀಕ ನಕ್ಕ. "ಗಾಳಿಗೆ ಮುಳ್ಳು ಹಾರಿದ್ರೆ ನನ್ನ ಮಾನ ಹೋಗುತ್ತೆ. ನೀನು ಸುಮ್ನೆ ಕೈಯಾಡಿಸ್ತಿರು. ಈ ಜನಕ್ಕೆಲ್ಲಿ ಗೊತ್ತಾಗುತ್ತೆ?"

"ಇಷ್ಟು ವರ್ಷ ಕಲಿತಿದ್ದು ಬೊಂಬೆ ಥರ ನಿಲ್ಲೋಕಾ?" ಇಲಿಂಕಾಳಿಗೆ ಮೈಯೆಲ್ಲ ಉರಿದುಹೋಯಿತು. ಎದುರಿಗಿದ್ದ ಎರಡು ಪ್ಲೇಯರುಗಳಿಂದಲೂ ರೆಕಾರ್ಡುಗಳನ್ನು ಕಿತ್ತು, ಕೈಗೊಂದರಂತೆ ಹಿಡಿದು ಎಲ್ಲರಿಗೂ ಕಾಣುವಂತೆ ತಲೆಯ ಮೇಲೆತ್ತಿ ನಿಂತಳು.

"ಇಳಿಸೇ ಕೈನ!" ಡೋರು ಹಲ್ಲು ಕಡಿದ.

ಅವಳು ಇಳಿಸಲಿಲ್ಲ. ಹಾಡು ಮಾತ್ರ ಇನ್ನೂ ಕೇಳಿಸುತ್ತಲೇ ಇತ್ತು. ಎದುರಿಗಿದ್ದವರು ಮೊದಲು ಕುಣಿತ ನಿಲ್ಲಿಸಿದರು. ಆಮೇಲೆ ಒಬ್ಬೊಬ್ಬರಾಗಿ ಡೋರುವಿನ ಕಡೆ ತಿರುಗಿದರು.