ಒತ್ತಡ ಸಾಲದು

"ನಿಮಗ್ಯಾರಿಗೂ ಒತ್ತಡಾನ ಇಲ್ಲೇನ್ರಿ?" ರಜೆ ಚೀಟಿ ಹಿಡಿದು ಒಳಗೆ ಬಂದ ಶಾರವ್ವನ ಎದುರು ನರ್ಸಿಂಗ್ ಸೂಪರಿಂಟೆಂಡೆಂಟ್ ಲಲಿತಾ ಮೇಡಂ ಒತ್ತಡದ ಪ್ರಶ್ನಾವಳಿಯ ಇಪ್ಪತ್ನಾಲ್ಕು ಹಾಳೆಗಳನ್ನು ಮೇಜಿನ ಮೇಲೆ ಕುಕ್ಕಿದರು. ಇಪ್ಪತ್ನಾಲ್ಕು ನರ್ಸ್‌ಗಳೂ ತಮಗೆ ಕೆಲಸದಲ್ಲಿ ಎಳ್ಳಷ್ಟೂ ತೊಂದರೆಯಿಲ್ಲ ಎಂದು ಗುರುತು ಹಾಕಿಕೊಟ್ಟಿದ್ದರು.

ಬಂದ ಗಳಿಗೆ ಸರಿಯಿಲ್ಲ ಅನ್ನಿಸಿತು ಶಾರವ್ವನಿಗೆ. ಶುಕ್ರವಾರ ಚೊಳಚಗುಡ್ಡದ ಬೀಗರ ಮನೆಯಲ್ಲಿ ಮಗಳ ಕುಬಸ, ಸೀಮಂತ. ಚೊಚ್ಚಲ ಬಸುರಿ, ತವರಿನ ಹಸಿರು ಸೀರೆ ಉಡಿಸಿ ಉಡಿ ತುಂಬಲು ತಾಯಿಯೇ ಹೋಗಬೇಕು. ಇಳಕಲ್ಲಿನ ಈ ಆಸ್ಪತ್ರೆಯಲ್ಲಿ ಹದಿನೆಂಟು ವರ್ಷ ನರ್ಸ್ ಆಗಿ ದುಡಿದವಳು ಕೇಳುತ್ತಿದ್ದುದು ಒಂದೇ ಒಂದು ದಿನ. ಆದರೆ ಮೇಡಂಗೆ ತಮ್ಮದೇ ಬೇನೆ: ಆನ್‌ಲೈನ್ ಪಿಎಚ್.ಡಿ. ಎರಡು ವರ್ಷದಿಂದ ಕಂಪ್ಯೂಟರಿನ ಮುಂದೆ ಕೂತು ನರ್ಸ್‌ಗಳ ಕಷ್ಟವನ್ನು ಎಷ್ಟು ಆಳವಾಗಿ ಓದುತ್ತಿದ್ದರೆಂದರೆ, ವಾರ್ಡಿನ ಕಡೆ ಹಾಯಲು ಪುರುಸೊತ್ತೇ ಸಿಕ್ಕಿರಲಿಲ್ಲ. ಉಸಿರಾಟದ ವ್ಯಾಯಾಮದಿಂದ ನರ್ಸ್‌ಗಳ ಒತ್ತಡ ಇಳಿಯುತ್ತದೆ ಎಂದು ಅವರು ತೋರಿಸಿಕೊಡಬೇಕಿತ್ತು.

"ಮೊದಲ ಒತ್ತಡ ಇರದಿದ್ರ ನಾ ಇಳಸೂದು ಏನನ್ನ? ಗೈಡ್ ನಕ್ಕೋತ ಕೇಳಾಕತ್ತಾರ."

"ಹೆಸರ ಬರದ ಕೊಡ್ರಿ ಅಂದಿದ್ರಿ ಮೇಡಂ. ಹೆಸರ ಹಾಕಿ ಖರೆ ಹೆಂಗ ಬರೀಬೇಕ್ರಿ?"

"ಹಂಗಾರ ಈಗ ಹೆಸರ ಹಾಕಬ್ಯಾಡ್ರಿ. ಇಲ್ಲೇ ಕುಂತ ಬರೀರಿ. ರಜಾ ಆಮ್ಯಾಲೆ ನೋಡೂಣು."

ಹೆಸರಿಲ್ಲದ ಆ ಹಾಳೆಯನ್ನು ಶಾರವ್ವ ಮೇಡಂ ಕಣ್ಣೆದುರೇ ತುಂಬಿದಳು. ರಜೆಯ ಆಸೆಗೆ ನಿಜವನ್ನೇ ಬರೆದಳು. ಒಂದೇ ದಿನ ಎರಡು ಪಾಳಿ, ನಲವತ್ತು ರೋಗಿಗಳಿಗೆ ಒಬ್ಬಳೇ, ಉಣ್ಣಲು ಹೊತ್ತಿಲ್ಲ, ಮೂರು ಸಲ ಕೇಳಿದರೂ ರಜೆಯಿಲ್ಲ. ಬರೆಯುತ್ತ ಬರೆಯುತ್ತ ಎದೆ ಹಗುರಾಯಿತು. ಮೇಡಂ ಒತ್ತಡದ ಅಂಕ ಕೂಡಿಸಿದರೆ ನೂರಕ್ಕೆ ತೊಂಬತ್ತೆರಡು!

ಮೇಡಂ ಮುಖ ಅರಳಿತು. "ಭಾಳ ಚಲೋ ಐತ್ರಿ ಶಾರವ್ವ! ಇಂಥಾವ ಬೇಕಾಗಿದ್ವು. ನನ್ನ ಪಿಎಚ್.ಡಿ. ಉಳಿಸಿದ್ರಿ ನೋಡ್ರಿ."

ಶಾರವ್ವ ಮೆಲ್ಲಗೆ ಚೀಟಿ ಮುಂದೆ ಸರಿಸಿದಳು.

"ಈಗ ರಜಾನ?" ಮೇಡಂ ಸಣ್ಣ ಮಕ್ಕಳಿಗೆ ತಿಳಿಹೇಳುವ ದನಿ ತೆಗೆದರು. "ಊರಿಗೆ ಹೋಗಿ ಬಂದ್ರ ನಿಮ್ಮ ಒತ್ತಡ ರಜಾದಿಂದ ಇಳೀತೈತಿ. ವ್ಯಾಯಾಮದಿಂದ ಇಳೀತು ಅಂತ ನಾ ಹೆಂಗ ಬರೀಲಿ? ಸಂಶೋಧನಾ ಕೆಡತೈತ್ರಿ. ವ್ಯಾಯಾಮ ನಡಿಯೂ ಆರು ವಾರ ಯಾರಿಗೂ ರಜಾ ಇಲ್ಲ."

ಶುಕ್ರವಾರ ಹನ್ನೊಂದಕ್ಕೆ ನರ್ಸ್‌ಗಳು ವ್ಯಾಯಾಮಕ್ಕೆ ಸಾಲಾಗಿ ಕೂತರು. ಮೇಡಂ ಶುರು ಮಾಡಿದರು: "ಕಣ್ಣ ಮುಚ್ರಿ. ನಿಮಗ ಇಷ್ಟ ಆದ ಜಾಗಾದಾಗ ಅದೀವಿ ಅನ್ಕೋರಿ. ಉಸರ ಎಳಕೋರಿ... ಬಿಡ್ರಿ."

ಶಾರವ್ವ ಚೊಳಚಗುಡ್ಡಕ್ಕೆ ಹೋದಳು. ಮಗಳು ಮಣೆಯ ಮೇಲೆ ಕೂತು ಬಾಗಿಲ ಕಡೆಗೇ ನೋಡುತ್ತಿದ್ದಳು. ಶಾರವ್ವನ ಮುಚ್ಚಿದ ಕಣ್ಣುಗಳಿಂದ ನೀರು ತಡೆಯಿಲ್ಲದೆ ಇಳಿಯಿತು.

ಮೇಡಂ ಸದ್ದಾಗದಂತೆ ಹತ್ತಿರ ಬಂದು ಬಗ್ಗಿ ನೋಡಿದರು. ಸಂತೋಷದಿಂದ ವಹಿಯಲ್ಲಿ ಬರೆದುಕೊಂಡರು: "ಮೊದಲ ದಿನವೇ ಒತ್ತಡ ಹೊರಹೋಗುತ್ತಿದೆ."